ಗಾಡಿಯ ಮುಂದೆ ದಾಟಿದವರು

ಆ ಊರಿನ ಹೆಸರು ಕೇಳಬೇಡಿ. ಹೇಳಿದರೆ ನೀವು ಹುಡುಕಿಕೊಂಡು ಹೋಗುತ್ತೀರಿ. ಹೋದರೆ ಅಲ್ಲಿಯವರು ಕೂರಿಸಿ ಹೊಟ್ಟೆ ತುಂಬ ಊಟ ಹಾಕುತ್ತಾರೆ. ಉಂಡು ಬಂದು ನೀವು ನನ್ನನ್ನೇ ಸುಳ್ಳ ಅನ್ನುತ್ತೀರಿ. ಒಳ್ಳೆಯ ಜನ ಅವರು, ನನಗೆ ಸಿಟ್ಟು ಬರುವುದೇ ಅದಕ್ಕೆ. ಕೆಟ್ಟವರಾಗಿದ್ದರೆ ಎರಡು ಬೈದು ಸುಮ್ಮನಾಗಬಹುದಿತ್ತು.

ಊರು ಇಳಿಜಾರಿನಲ್ಲಿದೆ. ಇರುವುದು ಒಂದೇ ರಸ್ತೆ. ರಸ್ತೆಯ ಈಚೆ ಮನೆಗಳು, ಆಚೆ ಬಾವಿ. ರಸ್ತೆಯ ತುದಿಯಲ್ಲಿ, ಏರಿನ ಮೇಲೆ, ಹೆಂಡದಂಗಡಿ. ನೀರು ಬೇಕಾದವರು ರಸ್ತೆ ದಾಟಬೇಕು. ಹೆಂಡ ಬೇಕಾದವರು ಏರು ಹತ್ತಬೇಕು. ಹತ್ತಿದ ಗಾಡಿಗಳು ಇಳಿಯಲೇಬೇಕು. ಹೀಗೆ ಊರು ಕಟ್ಟಿದ ಮಹಾನುಭಾವರ ತಲೆಯಲ್ಲಿ ಏನಿತ್ತೋ, ನನಗಂತೂ ಗೊತ್ತಿಲ್ಲ.

ಬಾವಿಯ ಎದುರಿಗೆ ಕಾವಲುಗಾರ ಕಂಚಿನ ತಟ್ಟೆ ಹಿಡಿದು ನಿಂತಿರುತ್ತಾನೆ. ಇಳಿದು ಬರುವ ಗಾಡಿಯನ್ನು ನಿಲ್ಲಿಸುತ್ತಾನೆ. ಊದು ಅನ್ನುತ್ತಾನೆ. ಗಾಡಿ ಹೊಡೆಯುವವನು ತಟ್ಟೆಯ ಮೇಲೆ ಊದುತ್ತಾನೆ. ಕಾವಲುಗಾರ ತಟ್ಟೆಯನ್ನು ಮೂಗಿನ ಹತ್ತಿರ ಹಿಡಿಯುತ್ತಾನೆ. ವಾಸನೆ ಇಲ್ಲದಿದ್ದರೆ ಹೋಗು ಅನ್ನುತ್ತಾನೆ. ವಾಸನೆ ಇದ್ದರೆ ಏನೂ ಅನ್ನುವುದಿಲ್ಲ, ತಟ್ಟೆ ತಿರುಗಿಸಿ ಕೋಲಿನಿಂದ ಬಾರಿಸುತ್ತಾನೆ. ಸದ್ದು ಕೇಳಿದ ಕೂಡಲೇ ಬಾಗಿಲು ಮುಚ್ಚುತ್ತವೆ. ಕಿಟಕಿ ಮುಚ್ಚುತ್ತವೆ. ಅಂಗಳದ ಮಕ್ಕಳನ್ನು ರೆಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತಾರೆ. ರಸ್ತೆಯಲ್ಲಿ ಗಾಡಿಯೊಂದು, ಅದರ ಪಕ್ಕದಲ್ಲಿ ತಲೆ ತಗ್ಗಿಸಿದವನೊಬ್ಬ, ಇಷ್ಟೇ ಉಳಿಯುತ್ತದೆ.

ಯಾಕೆಂದರೆ ಅಲ್ಲಿಯ ಕಾನೂನು ಹೀಗಿದೆ. ಕುಡಿದು ಗಾಡಿ ಹೊಡೆದು ಮೊದಲ ಸಲ ಸಿಕ್ಕಿಬಿದ್ದವನು ಯಾರನ್ನೂ ಕೊಂದಿರುವುದಿಲ್ಲ. ಕೊಂದಿಲ್ಲ ಅನ್ನುವುದು ಅವನ ಒಳ್ಳೆಯತನವಲ್ಲ, ಅದೃಷ್ಟ. ಅದೃಷ್ಟವನ್ನು ಕಾನೂನು ಒಪ್ಪುವುದಿಲ್ಲ. ಸತ್ತವರು ಯಾರು ಅಂತ ಗೊತ್ತಾಗಲೇಬೇಕು. ಅದಕ್ಕೆ ಗಾಡಿ ನಿಂತ ಜಾಗದಲ್ಲೇ ನಿಂತಿರಬೇಕು. ಅದರ ಮುಂದೆ ಮೊದಲು ಯಾರು ದಾಟುತ್ತಾರೋ ಅವರೇ ಆ ಗಾಡಿಗೆ ಸಿಕ್ಕಿ ಸತ್ತವರು. ಊರಿಗೆಲ್ಲ ಅವರು ಬದುಕಿರುತ್ತಾರೆ, ಅವನೊಬ್ಬನಿಗೆ ಸತ್ತಿರುತ್ತಾರೆ. ಅವನು ತಲೆ ಬೋಳಿಸಿಕೊಳ್ಳಬೇಕು, ಬಾವಿಕಟ್ಟೆಯಲ್ಲಿ ತಣ್ಣೀರು ಹೊಯ್ದುಕೊಳ್ಳಬೇಕು, ಮಡಕೆ ಒಡೆಯಬೇಕು, ಬೇವು ಮತ್ತೆ ಹೂ ಬಿಡುವ ತನಕ ಸೂತಕ ಹಿಡಿಯಬೇಕು. ಅಲ್ಲಿಯ ತನಕ ಅವರನ್ನು ನೋಡಬಾರದು, ಮಾತಾಡಿಸಬಾರದು, ಕರೆದರೆ ಓಗೊಡಬಾರದು. ಓಗೊಟ್ಟರೆ ಸೂತಕ ಮತ್ತೆ ಮೊದಲಿನಿಂದ. ನಿಜವಾಗಿ ಕೊಂದವನ ಪಾಡು ಬೇರೆ. ಅವನ ಕೈಯಿಂದ ಲಗಾಮು ಕಿತ್ತುಕೊಂಡು ಊರಾಚೆ ಬಿಟ್ಟು ಬರುತ್ತಾರೆ, ಮತ್ತೆ ಒಳಗೆ ಸೇರಿಸುವುದಿಲ್ಲ.

ಇದೆಂಥ ಕ್ರೂರ ಕಾನೂನು ಅನ್ನುತ್ತೀರಾ? ನನಗೂ ಹಾಗೇ ಅನಿಸಿತ್ತು. ಆದರೆ ಕೇಳಿ. ಹಿಂದೆ ಒಬ್ಬ ಸುಣ್ಣದ ಗಾಡಿಯವನಿಗೆ ಅವನ ತಮ್ಮನೇ ಅಡ್ಡ ದಾಟಿದ. ಒಂದೇ ಮನೆ, ಒಂದೇ ಒಲೆ. ತಮ್ಮ ಎದುರಿಗೆ ಕೂತು ಉಣ್ಣುತ್ತಿದ್ದ, ಇವನು ಗೋಡೆ ನೋಡಿಕೊಂಡು ಉಣ್ಣುತ್ತಿದ್ದ. ಬೇವು ಹೂ ಬಿಟ್ಟ ದಿನ ತಮ್ಮನನ್ನು ತಬ್ಬಿಕೊಂಡು ಅತ್ತದ್ದು ಇಡೀ ಬೀದಿಗೆ ಕೇಳಿಸಿತಂತೆ. ಆಮೇಲೆ ಅವನು ಹೆಂಡದಂಗಡಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಅಷ್ಟರಲ್ಲಿ ಊರಿಗೆ ವಕೀಲ ಬಂದ.

ವಕೀಲ ಕಾನೂನನ್ನು ತಿರುಗಿಸಿ ಮುರುಗಿಸಿ ನೋಡಿದ. ಯಾರಾದರೂ ದಾಟಬೇಕು ಅಂತ ಇದೆ, ಯಾರು ದಾಟಬೇಕು ಅಂತ ಇಲ್ಲ. ಗೊತ್ತಿಲ್ಲದೆ ದಾಟಬೇಕು ಅಂತಲೂ ಇಲ್ಲ. ಬಾವಿಯ ಪಕ್ಕದ ಹಾಳು ಮಂಟಪದಲ್ಲಿ ಹುರಿಗಡಲೆ ಮಾರಿಕೊಂಡು ಒಬ್ಬಳು ಮುದುಕಿ ಇದ್ದಳು. ಹಿಂದೆ ಮುಂದೆ ಯಾರೂ ಇಲ್ಲದವಳು. ವಕೀಲ ಅವಳ ಸೆರಗಿಗೆ ಅಕ್ಕಿ ಸುರಿದು, ತಟ್ಟೆ ಬಾರಿಸಿದಾಗ ಒಂದು ಸಲ ರಸ್ತೆ ದಾಟಿಬಿಡು ಅಜ್ಜಿ, ಬೇರೇನೂ ಬೇಡ ಅಂದ. ದಾಟುವುದು ಅವಳಿಗೆ ಏನು ದೊಡ್ಡದು? ದಿನಾ ದಾಟುತ್ತಿದ್ದ ರಸ್ತೆಯೇ. ದಾಟಿದಳು. ಒಬ್ಬನಿಗೆ ಸತ್ತಳು. ಮತ್ತೆ ಅಕ್ಕಿ ಬಂತು, ಮತ್ತೆ ದಾಟಿದಳು, ಇನ್ನೊಬ್ಬನಿಗೆ ಸತ್ತಳು.

ಹಾಗೆ ಸತ್ತು ಸತ್ತು ಏನಾಯಿತು ಗೊತ್ತೇ? ಅವಳಿಂದ ಕಡಲೆ ಕೊಳ್ಳುವವರೇ ಇಲ್ಲವಾದರು. ಸೂತಕದ ಗಂಡಸರು ಅವಳನ್ನು ನೋಡುವ ಹಾಗಿಲ್ಲ. ಗಂಡ ಎಲ್ಲಿ ಬಾಯಿ ತಪ್ಪಿ ಮಾತಾಡಿಬಿಡುತ್ತಾನೋ ಅಂತ ಹೆಂಡತಿಯರೂ ಅವಳನ್ನು ಮಾತಾಡಿಸುವುದು ಬಿಟ್ಟರು. ಸೂತಕ ಮುಗಿದವರಿಗೂ ಅಭ್ಯಾಸ ಮುಗಿಯಲಿಲ್ಲ. ಕಡಲೆ ಹೋಗದಿದ್ದರೆ ಊಟಕ್ಕೇನು? ಮುಂದಿನ ಸಲದ ಅಕ್ಕಿಯೇ. ಬದುಕುವುದಕ್ಕೆ ಅವಳಿಗೆ ಸಾಯುವುದೊಂದೇ ದಾರಿ ಉಳಿಯಿತು. ಇದನ್ನು ಯಾರೂ ಬೇಕು ಅಂತ ಮಾಡಿದ್ದಲ್ಲ, ಹೇಳಿದೆನಲ್ಲ, ಒಳ್ಳೆಯ ಜನ.

ಈಗ ನಮ್ಮ ಕುದುರೆಗಾಡಿಯವನ ವಿಷಯಕ್ಕೆ ಬರುತ್ತೇನೆ. ಅವನು ಕುಡುಕನಲ್ಲ. ಮನೆಯಲ್ಲಿ ಹೆಂಡತಿ, ಲಂಗ ದಾವಣಿ ಉಡುವ ವಯಸ್ಸಿನ ಒಬ್ಬಳೇ ಮಗಳು. ಮಗಳೆಂದರೆ ಅವನಿಗೆ ಜೀವ. ಬೆಳಿಗ್ಗೆ ಗಾಡಿ ಕಟ್ಟುವಾಗ ಅವಳು ಎದುರಿಗೆ ಬಂದು ಲಗಾಮು ಕೈಗೆ ಕೊಡದಿದ್ದರೆ ಹೊರಡುತ್ತಿರಲಿಲ್ಲ. ಆ ದಿನ ಗಾಲಿಗೆ ಹೊಸ ಕಬ್ಬಿಣದ ಪಟ್ಟಿ ಹಾಕಿಸಿದ. ಪಟ್ಟಿ ಹಾಕಿಸಿದಾಗ ಹೆಂಡ ಹೊಯ್ಯುವುದು ಅಲ್ಲಿಯ ಪದ್ಧತಿ. ಮೊದಲ ಬಟ್ಟಲು ಗಾಲಿಗೆ, ಆಮೇಲಿನದು ಕಮ್ಮಾರನಿಗೆ, ಅದರ ಆಮೇಲಿನದು ಗಾಡಿಯವನಿಗೆ. ಅದಕ್ಕೂ ಆಮೇಲಿನವು ಯಾರಿಗೆ ಅಂತ ಹಿರಿಯರು ಹೇಳಿ ಹೋಗಿಲ್ಲ, ಹಾಗಾಗಿ ಅವನ್ನೂ ಗಾಡಿಯವನೇ ಕುಡಿದ.

ಬಿಸಿಲು ನೆತ್ತಿಯ ಮೇಲಿತ್ತು. ಇಳಿದು ಬಂದ. ಊದು ಅಂದರು, ಊದಿದ. ತಟ್ಟೆ ಬಾರಿಸಿದರು. ಎಂದೂ ಇಲ್ಲ, ಇವತ್ತೊಂದೇ ಸಲ ಅಂತ ಅವನು ಕಾವಲುಗಾರನ ಕೈ ಹಿಡಿದುಕೊಂಡ. ಕಾವಲುಗಾರ ಮೆಲ್ಲಗೆ ಕೈ ಬಿಡಿಸಿಕೊಂಡ, ಅವನ ಕೈಯನ್ನು ಹಾಗೆ ಹಿಡಿಯದವರೇ ಇರಲಿಲ್ಲ.

ಬಾಗಿಲು ಮುಚ್ಚಿದವು. ಕಿಟಕಿ ಮುಚ್ಚಿದವು. ಆದರೆ ಬಾವಿಗೆ ಬಾಗಿಲಿಲ್ಲವಲ್ಲ. ಅಲ್ಲಿ ಮಗಳು ನೀರು ಸೇದುತ್ತಿದ್ದಳು. ತಿರುಗಿ ನೋಡಿದಳು, ಅಪ್ಪನ ಕುದುರೆ ಕಾಣಿಸಿತು. ಕೊಡ ಅಲ್ಲೇ ಇಟ್ಟು ಓಡಿ ಬರತೊಡಗಿದಳು. ಬರಬೇಡ ಅಂತ ಗಾಡಿಯವನು ಕೈ ಬೀಸಿದ, ಅವಳಿಗೆ ಅದು ಬಾ ಅಂದ ಹಾಗೆ ಕಂಡಿತು. ಅಷ್ಟು ಹೊತ್ತಿಗೆ ಗಾಡಿಯ ಪಕ್ಕದಲ್ಲಿ ವಕೀಲ ನಿಂತಿದ್ದ. ಎಲ್ಲಿಂದ ಬಂದ, ಯಾವಾಗ ಬಂದ, ದೇವರಿಗೇ ಗೊತ್ತು. ದಾಟಿಸಲೇ ಅಂತ ಕೇಳಿದ. ಗಾಡಿಯವನು ಹೂಂ ಅಂತ ತಲೆ ಆಡಿಸಿದ.

ಮುದುಕಿ ಮಂಟಪದಿಂದ ಎದ್ದಳು. ಕಾಲೆಳೆದುಕೊಂಡು ದಾಟಿದಳು. ಓಡಿ ಬರುತ್ತಿದ್ದ ಹುಡುಗಿಗೆ ಅಂಗೈ ತೋರಿಸಿ ಅಲ್ಲೇ ನಿಲ್ಲಿಸಿ, ಕುದುರೆಯ ಮೂಗಿನ ಮುಂದೆ ಹಾದು, ಗಾಡಿಯವನ ಮುಖ ನೋಡಿದಳು.

"ಹೆದರಬೇಡ ಮಗಾ, ನಿನ್ನ ಹುಡುಗಿ ಆಚೇನೇ ಇದಾಳೆ," ಅಂದಳು.

ಅವನಿಗೆ ಕಣ್ಣು ತುಂಬಿ ಬಂತು. ನಿನ್ನ ಉಪಕಾರ ಮರೆಯುವುದಿಲ್ಲ ತಾಯಿ ಅನ್ನಬೇಕು ಅಂತ ಬಾಯಿ ತೆರೆದ. ವಕೀಲ ಗಬಕ್ಕನೆ ಅವನ ಬಾಯಿ ಮುಚ್ಚಿದ. ಅವಳು ಸತ್ತಾಯಿತು, ಸತ್ತವರ ಹತ್ತಿರ ಎಂಥ ಮಾತು ಅಂದ. ಆ ಒಂದು ಮಾತು ಅವನ ಬಾಯಲ್ಲೇ ಉಳಿಯಿತು.

ತಲೆ ಬೋಳಿಸಿದರು, ತಣ್ಣೀರು ಹೊಯ್ದರು, ಮಡಕೆ ಒಡೆಸಿದರು, ಲಗಾಮು ಮತ್ತೆ ಅವನ ಕೈಗೇ ಕೊಟ್ಟರು. ಹೆಂಡತಿ ದೃಷ್ಟಿ ತೆಗೆದು, ಸದ್ಯ, ನಮ್ಮ ಪುಣ್ಯ ದೊಡ್ಡದು ಅಂದಳು. ಮಗಳು ಮಾತ್ರ, ಕಡಲೆ ಅಜ್ಜಿ ನಿನಗೆ ಯಾಕೆ ಸಾಯಬೇಕು, ಅವಳೇನು ಮಾಡಿದ್ದಳು ಅಂತ ಕೇಳಿದಳು. ಕಾನೂನು ಅಂದ ಅಪ್ಪ. ಅವಳಿಗೆ ಅದು ಹಿಡಿಸಲಿಲ್ಲ. ದಿನಾ ನೀರಿಗೆ ಹೋದಾಗ ಅಜ್ಜಿಯ ಮಡಕೆಗೂ ಒಂದು ಕೊಡ ಸುರಿದು, ಹಿಡಿ ಕಡಲೆ ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದಳು. ಇಡೀ ಊರಲ್ಲಿ ಮುದುಕಿಯ ಹತ್ತಿರ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಮುದುಕಿಗಂತೂ ಸುಮ್ಮನಿರು ಅಂತ ಯಾವ ಕಾನೂನೂ ಹೇಳಿರಲಿಲ್ಲ. ಗಾಡಿ ಬಾವಿಯ ಹತ್ತಿರ ಬಂದಾಗ ಪಕ್ಕದಲ್ಲೇ ನಡೆದು ಬರುತ್ತಿದ್ದಳು. ಕುದುರೆಗೆ ಹುಲ್ಲು ಹಾಕಿದೆಯಾ ಅನ್ನುವಳು. ಮಗಳಿಗೆ ಗಂಡು ನೋಡಿದೆಯಾ ಅನ್ನುವಳು. ಮಗಾ ಒಂದು ಸಲ ಈ ಕಡೆ ನೋಡೋ ಅನ್ನುವಳು. ಮೊದಮೊದಲು ಅವನು ನೋಡಿಬಿಡುವನು, ನೋಡಿದ ಮೇಲೆ ಕಣ್ಣು ತಿರುಗಿಸುವನು. ಬರಬರುತ್ತಾ ನೋಡುವ ಮುಂಚೆಯೇ ಕಣ್ಣು ತಿರುಗಿತು. ಇನ್ನೂ ಸ್ವಲ್ಪ ದಿನಕ್ಕೆ ತಿರುಗಿಸುವ ಕೆಲಸವೂ ಬೇಕಾಗಲಿಲ್ಲ, ಅವಳಿದ್ದ ಜಾಗದಿಂದ ಕಣ್ಣು ತಾನಾಗಿ ಜಾರಿಬಿಡುತ್ತಿತ್ತು. ಗಾಡಿಯ ಕುದುರೆಗೆ ಕಣ್ಣಪಟ್ಟಿ ಕಟ್ಟುತ್ತಾರಲ್ಲ, ಹಾಗೆ.

ಹೆಂಡದಂಗಡಿಯಲ್ಲಿ ಬೋಳುತಲೆಗಳ ಒಂದು ಸಾಲೇ ಇತ್ತು. ಎಲ್ಲರಿಗೂ ಸತ್ತವಳು ಒಬ್ಬಳೇ ಅಜ್ಜಿಯಾದ್ದರಿಂದ, ನಾವೆಲ್ಲ ಒಂದೇ ಸೂತಕದ ಅಣ್ಣತಮ್ಮಂದಿರು ಅಂತ ಅವರು ಹೆಗಲ ಮೇಲೆ ಕೈ ಹಾಕಿಕೊಂಡು ನಗುತ್ತಿದ್ದರು. ನಮ್ಮವನನ್ನೂ ಕರೆದರು. ಮೊದಲು ಒಲ್ಲೆ ಅಂದ. ಆಮೇಲೆ ಕೂತ. ನೋವಾಗದ ಶಿಕ್ಷೆ ಯಾರಿಗೆ ತಾನೇ ನೆನಪಿರುತ್ತದೆ, ಹೇಳಿ.

ಬೇವಿನಲ್ಲಿ ಮೊಗ್ಗು ಕಂಡಿತ್ತು, ಹೂ ಬಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ವಕೀಲನನ್ನು ಹಿಂದೆ ಕೂರಿಸಿಕೊಂಡು ಗಾಡಿಯವನು ಏರು ಇಳಿದು ಬರುತ್ತಿದ್ದ. ಇಬ್ಬರೂ ಕುಡಿದಿದ್ದರು. ಮುದುಕಿ ಕಡಲೆಯ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ರಸ್ತೆಗಿಳಿದಿದ್ದಳು. ಯಾರೂ ಕಳಿಸಿರಲಿಲ್ಲ, ತನ್ನ ಪಾಡಿಗೆ ದಾಟುತ್ತಿದ್ದಳು. ಹಗಲು ಹೊತ್ತು, ನೇರ ರಸ್ತೆ, ಎದುರಿಗೇ ಇದ್ದಳು. ಅವನ ಕಣ್ಣು ಅವಳ ಮೇಲೆ ಬಿತ್ತು, ಬಿದ್ದ ಹಾಗೇ ಜಾರಿತು. ಕೈ ಲಗಾಮು ಎಳೆಯಲಿಲ್ಲ. ಕುದುರೆಯ ಎದೆ ತಗುಲಿ ಮುದುಕಿ ಅಷ್ಟು ದೂರ ಹೋಗಿ ಬಿದ್ದಳು. ಕುದುರೆಯೇ ಗಾಬರಿಯಾಗಿ ಕಾಲೂರಿ ನಿಂತಿತು.

ಏನದು ಅಂತ ವಕೀಲ ಒಳಗಿಂದ ಕೇಳಿದ. ಏನೋ ಕಲ್ಲು ಅಂದ ಗಾಡಿಯವನು. ಅವನು ಸುಳ್ಳು ಹೇಳಲಿಲ್ಲ, ಅದೇ ದೊಡ್ಡ ದುರಂತ. ರಸ್ತೆಯ ತುಂಬ ಚೆಲ್ಲಿದ ಕಡಲೆ ನೋಡಿದ ಮೇಲೆ ಅವನಿಗೆ ತಿಳಿಯಿತು.

ಕಾವಲುಗಾರ ಓಡಿ ಬಂದ. ಊದು ಅಂದ. ತಟ್ಟೆ ಬಾರಿಸಿದ. ಬಾಗಿಲು ಮುಚ್ಚಿದವು. ಕಿಟಕಿ ಮುಚ್ಚಿದವು. ಕಾನೂನು ನೋಡುವ ಹಿರಿಯರು ಕಟ್ಟೆಯಿಂದ ಎದ್ದು ಬಂದು ಗಾಡಿಯ ಹಿಂದೆ ನಿಂತರು. ವಕೀಲ ಬಾಯಿ ತೊಳೆದುಕೊಂಡು ಬಂದು ಕೈ ಮುಗಿದು ಶುರು ಮಾಡಿದ. ಸೂತಕ ಮುಗಿಯದೆ ಮೊದಲ ಸಲ ಮುಗಿಯುವುದಿಲ್ಲ, ಆದ್ದರಿಂದ ಇದು ಇನ್ನೂ ಮೊದಲ ಸಲವೇ. ಇವನು ಕೊಂದ ಅಂತ ಹೇಳುವವರು ಯಾರನ್ನು ಕೊಂದ ಅಂತ ತೋರಿಸಬೇಕು. ಆ ಮುದುಕಿ ಇವನಿಗೆ ಎಂದೋ ಸತ್ತಿದ್ದಾಳೆ, ಸತ್ತವಳನ್ನು ಮತ್ತೆ ಕೊಲ್ಲುವುದು ಹೇಗೆ? ಬೇಕಾದರೆ ದೊಡ್ಡವರೇ ರಸ್ತೆ ನೋಡಿ ಹೇಳಲಿ ಅಂದ.

ಹಿರಿಯರು ರಸ್ತೆ ನೋಡಿದರು. ಅವರೂ ಒಂದು ಕಾಲಕ್ಕೆ ಗಾಡಿ ಹೊಡೆದವರು, ಇದೇ ಮುದುಕಿಗೆ ತಲೆ ಬೋಳಿಸಿಕೊಂಡವರು. ರಸ್ತೆಯ ಆ ತುದಿಯಿಂದ ನೋಡುತ್ತಾ ಬಂದರು, ಮುದುಕಿ ಬಿದ್ದ ಕಡೆ ಬಂದಾಗ ಕಣ್ಣು ಜಾರಿತು, ಈ ತುದಿಗೆ ಬಂದು ನಿಂತಿತು. ಏನೂ ಕಾಣುವುದಿಲ್ಲ ಅಂದರು. ಯಾರೂ ಸತ್ತಿಲ್ಲ ಅಂತ ತೀರ್ಪು ಕೊಟ್ಟರು.

ವಕೀಲ ಗಾಡಿಯವನ ಬೆನ್ನು ತಟ್ಟಿದ. ಆಗ ಕಾವಲುಗಾರ ಗಂಟಲು ಸರಿ ಮಾಡಿಕೊಂಡ. ಅವನು ಬುದ್ಧಿವಂತನೇನಲ್ಲ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು.

"ಯಾರೂ ಸತ್ತಿಲ್ಲ ಅಂದ್ರೆ ಯಾರಾದ್ರೂ ದಾಟಬೇಕಲ್ಲ, ಬುದ್ಧೀ," ಅಂದ.

ಹಿರಿಯರು ಹೌದು ಅಂದರು. ವಾಸನೆ ಇದೆ, ಸತ್ತವರಿಲ್ಲ, ದಾಟಲೇಬೇಕು. ಇದನ್ನು ವಕೀಲ ಯೋಚಿಸಿರಲಿಲ್ಲ. ಅಭ್ಯಾಸದಂತೆ ಮಂಟಪದ ಕಡೆ ಕೈ ಬೀಸಿದ. ಮಂಟಪ ಖಾಲಿ. ಅವನ ಮುಖದ ಬಣ್ಣ ಇಳಿದದ್ದನ್ನು ಹಿರಿಯರು ಅವತ್ತೇ ಮೊದಲು ನೋಡಿದ್ದು.

ಗಾಡಿ ನಿಂತಿತ್ತು. ಗಾಡಿಯವನು ನಿಂತಿದ್ದ. ಕುದುರೆಯ ಮುಂದೆ ಮುದುಕಿ ಬಿದ್ದಿದ್ದಳು, ಸೆರಗು ಸರಿದಿತ್ತು, ನೊಣ ಕೂತಿದ್ದವು. ಕಾಗೆಗಳು ಕಡಲೆಗೆ ಇಳಿದವು. ಮುಚ್ಚಿದ ಕಿಟಕಿಗಳ ಹಿಂದೆ ಇಡೀ ಊರು ಉಸಿರು ಹಿಡಿದು ಕೂತಿತ್ತು. ಯಾರ ಮನೆಯವರು ಮೊದಲು ದಾಟುತ್ತಾರೋ ಅನ್ನುವ ಭಯ ಎಲ್ಲರಿಗೂ ಇತ್ತು. ಮುದುಕಿಯನ್ನು ಎತ್ತಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಥೂ, ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ.

ಗಾಡಿಯವನ ಮನೆಯಲ್ಲಿ ಹೆಂಡತಿ ಮುಂಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಮಗಳು ಹಿತ್ತಿಲಿನಿಂದ ಹೊರಟು, ಸುತ್ತಿ ಬಳಸಿ ರಸ್ತೆಯ ಅಂಚಿಗೆ ಬಂದು ನಿಂತಳು. ಅವಳಿಗೆ ಕಾನೂನು ಗೊತ್ತಿತ್ತು, ದಡ್ಡಿಯಲ್ಲ. ಅದಕ್ಕೇ ಅಂಚಿನಲ್ಲಿ ನಿಂತದ್ದು.

"ಅಪ್ಪಾ, ಅಲ್ಲಿ ಬಿದ್ದಿರೋದು ಯಾರು?"

ಮನೆಗೆ ಹೋಗು ಅಂದ ಅವನು. ನಿನ್ನ ಕಾಲಿಗೆ ಬೀಳುತ್ತೇನೆ, ಹೋಗು ಅಂದ.

"ಕಡಲೆ ಅಜ್ಜಿ ಅಲ್ವಾ? ಅಜ್ಜಿ ಅಂತ ಒಂದು ಮಾತು ಹೇಳಪ್ಪ. ನಾನು ಇಲ್ಲೇ ನಿಂತಿರ್ತೀನಿ, ದಾಟಲ್ಲ."

ಅವಳು ಕೇಳಿದ್ದು ಏನು ಅಂತ ನಿಮಗೆ ಗೊತ್ತಾಯಿತಲ್ಲ? ಯಾರೂ ದಾಟುವ ಮುಂಚೆ, ಹೌದು, ಅಜ್ಜಿಯೇ, ನಾನೇ ಕೊಂದೆ ಅಂದರೆ ತೀರ್ಪು ತಿರುಗುತ್ತದೆ, ಸತ್ತವರು ಸಿಕ್ಕ ಹಾಗೆ. ಆಮೇಲೆ ಯಾರೂ ದಾಟಬೇಕಾಗಿಲ್ಲ. ಅವನ ಲಗಾಮು ಹೋಗುತ್ತದೆ, ಮನೆ ಹೋಗುತ್ತದೆ, ಊರು ಹೋಗುತ್ತದೆ. ಆದರೆ ಊರಾಚೆ ಎಲ್ಲೋ ಒಬ್ಬ ಅಪ್ಪ ಇರುತ್ತಾನೆ, ಅವಳು ಹೋಗಿ ಕಂಡರೆ ಬಾ ಮಗಳೇ ಅನ್ನುತ್ತಾನೆ. ಒಂದು ಮಾತು, ಅಷ್ಟೇ. ಗಾಡಿಯವನು ವಕೀಲನ ಕಡೆ ನೋಡಿದ. ವಕೀಲ ಬೇಡ ಅಂತ ತಲೆ ಆಡಿಸಿದ. ನಾನಾಗಿದ್ದರೆ ಹೇಳುತ್ತಿದ್ದೆ ಅಂತ ಇಲ್ಲಿ ಕೂತು ಜಂಬ ಕೊಚ್ಚಿಕೊಳ್ಳಬೇಡಿ. ಬಿಸಿಲಲ್ಲಿ, ಗಾಡಿಯ ಪಕ್ಕ, ಬಾಯಲ್ಲಿ ಆ ವಾಸನೆ ಇಟ್ಟುಕೊಂಡು ನಿಂತಿದ್ದವನು ಅವನು.

"ಅಲ್ಲಿ ಯಾರೂ ಇಲ್ಲ ಮಗಾ," ಅಂದ.

ಮಗಳು ಅವನನ್ನು ಒಂದು ಗಳಿಗೆ ನೋಡಿದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ರಸ್ತೆಗೆ ಇಳಿದಳು. ಕುದುರೆಯ ಮುಂದೆ ಹೋಗಿ, ಕಾಗೆ ಓಡಿಸಿ, ಬಗ್ಗಿ ಮುದುಕಿಯ ಸೆರಗು ಸರಿಮಾಡಿದಳು. ಮುಖ ತೊಳೆಯಬೇಕಿತ್ತು, ನೀರು ಬೇಕಿತ್ತು. ಎದ್ದು ಆಚೆ ಬಾವಿಯ ಕಡೆ ಹೋದಳು.

ಕಾವಲುಗಾರ ತಟ್ಟೆ ಬಾರಿಸಿ, ದಾಟಿದಳು ಅಂದ.

ಆಗ ಗಾಡಿಯವನು ನೆಲಕ್ಕೆ ಕುಸಿದ. ನಾನೇ ಕೊಂದದ್ದು, ಅಜ್ಜಿ ಅಲ್ಲೇ ಬಿದ್ದಿದ್ದಾಳೆ, ನನ್ನ ಕಣ್ಣಿಗೆ ಕಾಣುತ್ತಿದ್ದಾಳೆ, ನನ್ನನ್ನು ಊರಾಚೆ ಅಟ್ಟಿ, ಮಗಳನ್ನು ಬಿಡಿ ಅಂತ ಹಿರಿಯರ ಕಾಲು ಹಿಡಿದುಕೊಂಡು ಹೇಳಿದ. ಹೇಳಬೇಕಾದ ಮಾತನ್ನೆಲ್ಲ ಹೇಳಿದ. ಹಿರಿಯರು ಮರುಗಿದರು. ಅವರಲ್ಲೊಬ್ಬರು ಕಣ್ಣನ್ನೂ ಒರೆಸಿಕೊಂಡರು. ಆದರೆ ತೀರ್ಪು ಆಗಿಹೋಯಿತಲ್ಲಪ್ಪ, ದಾಟಿದ್ದೂ ಆಯಿತಲ್ಲ ಅಂದರು. ಕ್ಷೌರಿಕನಿಗೆ ಹೇಳಿ ಕಳಿಸಿ, ಮನೆ ಕಡೆ ನಡೆದರು.

ಬಾಗಿಲುಗಳು ತೆರೆದವು. ಕಿಟಕಿಗಳು ತೆರೆದವು. ಜನ ಹೊರಗೆ ಬಂದು ನಿಟ್ಟುಸಿರು ಬಿಟ್ಟರು, ತಂತಮ್ಮ ಮಕ್ಕಳ ತಲೆ ಸವರಿದರು.

ಮಗಳು ನೀರು ತಂದಳು. ಮುದುಕಿಯ ಮುಖ ತೊಳೆದಳು, ಅವಳ ತೆರೆದ ಕಣ್ಣು ಮುಚ್ಚಿಸಿದಳು, ಕಂಕುಳಿಗೆ ಕೈ ಹಾಕಿ ಎತ್ತಿ ನೋಡಿದಳು. ಒಬ್ಬಳಿಂದ ಆಗಲಿಲ್ಲ. ತಲೆ ಎತ್ತಿದಳು.

"ಅಪ್ಪಾ, ಕಾಲ ಕಡೆ ಹಿಡ್ಕೋ ಬಾ."

ಅವನಿಗೆ ಕೇಳಿಸಿತು. ಎದ್ದ. ಹೋಗಲೇಬೇಕು ಅಂತ ಎದ್ದ, ಕಾನೂನು ಹಾಳಾಗಲಿ ಅಂದುಕೊಂಡೇ ಎದ್ದ. ಅವಳಿದ್ದ ಕಡೆ ಮುಖ ತಿರುಗಿಸಿದ. ಮುದುಕಿಯ ಕಾಲು, ಅದರಾಚೆ ಮಗಳ ಕೈ, ಒದ್ದೆ ಲಂಗ, ಮುಖ. ಆ ಮುಖದ ಮೇಲೆ ಅವನ ಕಣ್ಣು ನಿಲ್ಲಲಿಲ್ಲ. ಜಾರಿತು. ಎಳೆದು ತಂದ, ಮತ್ತೆ ಜಾರಿತು. ಎದುರುಮನೆಯ ಗೋಡೆಗೆ ಹೋಗಿ ಅಲ್ಲೇ ಅಂಟಿಕೊಂಡಿತು.

ಮಗಳು ಕಾದಳು. ಇನ್ನೊಂದು ಸಲ ಕರೆಯಲಿಲ್ಲ. ಮುದುಕಿಯ ಎರಡೂ ಕಂಕುಳಿಗೆ ಕೈ ಹಾಕಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ, ಒಬ್ಬಳೇ ಎಳೆದುಕೊಂಡು ಹೋದಳು.